ಹಿಮ್ಮಡಿ ಕೆಳಗಿನ ಬೆಣೆ

ಜೂನ್ 4

ಅಣ್ಣ,

ತಲುಪಿದ ಕೂಡಲೇ ಬರೆಯುತ್ತೇನೆ ಅಂದವಳು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಡ. ಇಲ್ಲಿ ನಮ್ಮ ಫೋನುಗಳನ್ನೆಲ್ಲ ಕೋಚ್ ಸರ್ ಆಫೀಸಿನ ಬೀರುವಿನೊಳಗೆ ಹಾಕಿ ಬೀಗ ಜಡಿದಿದ್ದಾರೆ. ಕೇಳಿದರೆ, "ಮನೆಯವ್ರ ಜೊತೆ ಮಾತಾಡ್ಬೇಕಾ? ಕಾಗದ ಬರೀರಿ. ಬರಿಯೋವಾಗ್ಲಾದ್ರೂ ಸ್ವಲ್ಪ ಯೋಚನೆ ಮಾಡ್ತೀರಿ" ಅನ್ನುತ್ತಾರೆ. ಯೋಚನೆ ಮಾಡುವಷ್ಟು ಶಕ್ತಿ ಉಳಿಸಿದರೆ ತಾನೇ!

ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಇನ್ನೊಂದು ಮಂಚದವಳು ನನಗಿಂತ ಮೂರು ವರ್ಷ ಚಿಕ್ಕವಳು, ಇಡೀ ಹಾಸ್ಟೆಲಿನಲ್ಲೇ ತೂಕ ಕಡಿಮೆ, ಎಲ್ಲರೂ ಗುಬ್ಬಿ ಅಂತಲೇ ಕರೆಯುವುದು. ತಿನ್ನುವುದು ಮಾತ್ರ ನನ್ನ ಎರಡರಷ್ಟು. ನಿದ್ದೆಯಲ್ಲೂ ಭಾರ ಎತ್ತುವವಳ ಹಾಗೆ ಮುಲುಕುತ್ತಾಳೆ.

ಈಗ ಕೆಲಸದ ಮಾತು. ಭಾರದ ಪ್ಲೇಟು ಹಾಕಿದ ಕಬ್ಬಿಣದ ಬಾರ್ ಹೊತ್ತು ಪೂರ್ತಿ ಕೆಳಗೆ ಕುಕ್ಕರಗಾಲಲ್ಲಿ ಕೂತಾಗ ನನ್ನ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಭಾರ ಎತ್ತುವವರ ಶೂನಲ್ಲಿ ಹಿಮ್ಮಡಿ ಎತ್ತರವಾಗಿರುತ್ತದೆ, ಗಟ್ಟಿ ಮರದ್ದು. ಇಲ್ಲಿ ಇರುವ ಎರಡು ಜೊತೆಯೂ ಗಂಡಸರ ಅಳತೆಯವು, ಕೊಳ್ಳೋಣವೆಂದರೆ ನಮ್ಮ ಕೈಗೆಟುಕುವ ಮಾತಲ್ಲ. ನನ್ನ ಕ್ಯಾನ್ವಾಸ್ ಶೂನ ಒಳಗೇ ಹಿಮ್ಮಡಿ ಕೆಳಗೆ ಏನಾದರೂ ಸೇರಿಸಿದರೂ ನಡೆಯುತ್ತದೆ ಅಂತ ಸರ್ ಹೇಳಿದರು. "ನಿನ್ನ ಅಣ್ಣ ಶೂ ಫ್ಯಾಕ್ಟರೀಲಿ ಅಟ್ಟೆ ಕತ್ತರಿಸ್ತಾನೆ ಅಂದ್ಯಲ್ಲ, ಅವನಿಗೇ ಬರಿ" ಅಂದರು. ಪಾದ ಕಾಗದದ ಮೇಲಿಟ್ಟು ಗೆರೆ ಎಳೆದು ಇದರ ಜೊತೆ ಇಟ್ಟಿದ್ದೇನೆ.

ಒಂದು ಮಾತು ಮರೆಯಬೇಡ. ಅದು ಕಲ್ಲಿನ ಹಾಗಿರಬೇಕು. ಭಾರ ಹೊತ್ತು ಏಳುವಾಗ ಹಿಮ್ಮಡಿ ಕೂದಲೆಳೆಯಷ್ಟು ಕುಸಿದರೂ ಮೊಣಕಾಲು ಒಳಕ್ಕೆ ತಿರುಗಿಬಿಡುತ್ತದೆ ಅಂತ ಸರ್ ಎರಡು ಸಲ ಹೇಳಿ ಕಳಿಸಿದ್ದಾರೆ.

ಆಯ್ಕೆ ಅಕ್ಟೋಬರಿನಲ್ಲಿ. ಮೊದಲ ನಾಲ್ಕು ಜನರಿಗೆ ಇಲ್ಲೇ ಉಳಿಯುವ ಅವಕಾಶ, ಕ್ರೀಡಾ ಇಲಾಖೆಯಲ್ಲಿ ಕೆಲಸ. ಉಳಿದವರು ಮನೆಗೆ. ಮನೆಗೆ ಅಂದರೆ ನನಗೆ ಮತ್ತೆ ಫ್ಯಾಕ್ಟರಿಯ ಅಂಟು ಹಚ್ಚುವ ವಿಭಾಗ, ಅಮ್ಮನ ಕೆಮ್ಮು ಹುಟ್ಟಿದ ಜಾಗ. ಎಷ್ಟು ಸೋಪು ಹಾಕಿದರೂ ಆ ವಾಸನೆ ನನ್ನ ಕೂದಲಿನಿಂದ ಹೋಗಿರಲಿಲ್ಲ, ಇಲ್ಲಿ ಬಂದ ಮೇಲೆ ಹೋಗಿದೆ. ನಾನು ಅಲ್ಲಿಗೆ ವಾಪಸ್ ಬರುವುದಿಲ್ಲ ಅಣ್ಣ.

ನಿನ್ನ ಗುಂಡು


ಜೂನ್ 17

ಗುಂಡು,

ನಿನ್ನ ಪಾದ ತಲುಪಿತು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನೋ ಇದು, ದೋಣಿ ಮಾಡ್ತೀಯಾ?" ಅಂದಳು. ವಿಷಯ ಹೇಳಿದೆ. "ಅಷ್ಟು ಕಷ್ಟಪಟ್ಟು ಎತ್ತಿ ಮತ್ತೆ ಕೆಳಗೇ ಹಾಕೋದಾದ್ರೆ ಎತ್ತೋದ್ಯಾಕೆ?" ಅಂತ ಕೇಳಿದಳು. ನನಗೂ ಉತ್ತರ ಗೊತ್ತಾಗಲಿಲ್ಲ. ಗೊತ್ತಿದ್ದರೆ ಬರೆದು ಕಳಿಸು, ಪುಣ್ಯ ಬರುತ್ತದೆ.

ಜೊತೆಗಿರುವ ಪೊಟ್ಟಣದಲ್ಲಿ ನಿನ್ನ ಬೆಣೆಗಳಿವೆ. ಅದಕ್ಕೆ ಅಲ್ಲಿ ಏನಂತಾರೋ ಗೊತ್ತಿಲ್ಲ, ಹಿಂದೆ ದಪ್ಪ, ಮುಂದೆ ತೆಳು ಇರುವುದರಿಂದ ನನಗೆ ಬೆಣೆಯೇ. ಹೊರ ಅಟ್ಟೆಗೆ ಹಾಕುವ ಗಟ್ಟಿ ರಬ್ಬರಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಇಡೀ ರಾತ್ರಿ ಒತ್ತುಯಂತ್ರದ ಕೆಳಗೆ ಬಿಟ್ಟೆ. ಬೆಳಗ್ಗೆ ಉಜ್ಜುವ ಚಕ್ರಕ್ಕೆ ಹಿಡಿದು ಇಳಿಜಾರು ತೆಗೆದೆ. ಮೇಲೊಂದು ತೆಳು ಚರ್ಮ, ಅಂಚಿಗೂ ಚರ್ಮದ ಪಟ್ಟಿ. ಸುತ್ತಿಗೆಯಿಂದ ಬಡಿದು ನೋಡಿದೆ, ಸುತ್ತಿಗೆಯೇ ಪುಟಿಯಿತು.

ನಗು ಬರುವುದೇನೆಂದರೆ, ನಮ್ಮಲ್ಲಿ ಶೂ ಕಚ್ಚುತ್ತದೆ ಅಂತ ಯಾರೇ ವಾಪಸ್ ತರಲಿ, ಬಾಯಿಂದ ಮಾತು ಮುಗಿಯುವುದರೊಳಗೆ ಕೈ ಮೆತ್ತೆಯ ಡಬ್ಬಕ್ಕೆ ಹೋಗುತ್ತದೆ. ಎಲ್ಲಿ ನೋವೋ ಅಲ್ಲಿ ಮೆತ್ತೆ, ಕಲಿತದ್ದು ಅದೊಂದೇ. ಹನ್ನೊಂದು ವರ್ಷ ಮೆತ್ತಗೆ ಮಾಡುವುದಕ್ಕೇ ಸಂಬಳ ತಗೊಂಡವನಿಗೆ ಕಲ್ಲು ಮಾಡಿಕೊಡು ಅಂತೀಯ. ಮಾಡಿದ್ದೇನೆ. ನಿಂತು ನೋಡಿ ಹೇಗಿದೆ ಬರೆ.

ಅಂಟಿನ ವಿಭಾಗದ ಮಾತು ಬಿಡು. ಅಲ್ಲಿ ನಿನ್ನ ಜಾಗಕ್ಕೆ ಬೇರೆಯವಳು ಬಂದಾಯಿತು.

ಅಣ್ಣ


ಜುಲೈ 9

ಅಣ್ಣ,

ನೀನು ಮನುಷ್ಯನಲ್ಲ, ಮಾಂತ್ರಿಕ! ಮೊದಲ ದಿನವೇ ಹಿಮ್ಮಡಿ ನೆಲ ಕಚ್ಚಿಕೊಂಡು ಕೂತಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಸರ್ ನನ್ನ ಶೂ ಬಿಚ್ಚಿಸಿ, ಬೆಣೆ ಹೊರಗೆ ತೆಗೆದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, "ಇವನಿಗೆ ಗೊತ್ತಾಗಿದೆ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಹಾಸ್ಟೆಲಿನಲ್ಲಿ ನಿನ್ನದೇ ಮಾತು. ಗುಬ್ಬಿಗೆ ಹೊಟ್ಟೆಕಿಚ್ಚು, "ಅಕ್ಕಾ, ನಂಗೂ ಒಬ್ಬ ಅಣ್ಣನ್ನ ಹುಡುಕಿಕೊಡು" ಅಂತ ತಲೆ ತಿನ್ನುತ್ತಾಳೆ.

ಅಮ್ಮನಿಗೆ ಹೇಳು, ಎತ್ತಿ ಕೆಳಗೆ ಹಾಕುವುದು ಯಾಕೆ ಅಂದರೆ, ತಲೆಯ ಮೇಲೆ ಹಿಡಿದು ನಿಂತ ಆ ಎರಡು ಕ್ಷಣಕ್ಕೆ. ಆಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅಷ್ಟು ದೊಡ್ಡ ಹಜಾರದಲ್ಲಿ ಪಿಟ್ಟೆನ್ನುವ ಸದ್ದೂ ಇರುವುದಿಲ್ಲ.

ಈಗ ನಾನು ನನ್ನ ಗುಂಪಿನಲ್ಲಿ ಎರಡನೆಯವಳು. ಎರಡನೆಯವಳು ಅಣ್ಣ!

ಗುಂಡು


ಆಗಸ್ಟ್ 21

ಗುಂಡು,

ತಿಂಗಳಿಂದ ಕಾಗದವಿಲ್ಲ. ಎರಡನೆಯವಳಾದ ಕೊಬ್ಬೋ? ಅಮ್ಮ ದಿನಾ ಅಂಚೆಯವನ ಮುಖ ನೋಡುತ್ತಾಳೆ, ಪಾಪ ಅವನೀಗ ನಮ್ಮ ಓಣಿ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಿದ್ದಾನೆ. ಎರಡು ಸಾಲಾದರೂ ಬರೆ.

ಅಣ್ಣ


ಸೆಪ್ಟೆಂಬರ್ 12

ಅಣ್ಣ,

ಬರೆಯಲಾಗಲಿಲ್ಲ, ಬಿಡುವೇ ಇಲ್ಲ. ಚೆನ್ನಾಗಿದ್ದೇನೆ. ಅಮ್ಮನಿಗೆ ಹಾಗೇ ಹೇಳು.

ಹೋದ ವಾರ ಮೂರು ಸಲ ಎತ್ತಲಾಗದೆ ಬಿಟ್ಟೆ. ಸರ್ ತಾವೇ ಬಂದು ಬಾರ್‌ನಿಂದ ಪ್ಲೇಟು ಇಳಿಸಿದರು, ಅದು ಬೈಗುಳಕ್ಕಿಂತ ಕಷ್ಟ. ಯಾಕೆ ಅಂತ ಕೇಳಿದರು. ಬೆಣೆ ಕಚ್ಚುತ್ತಿದೆ ಸರ್, ಹಿಮ್ಮಡಿ ನೋಯುತ್ತೆ ಅಂದೆ. ನಿಜವಾಗಿಯೂ ಕಚ್ಚುತ್ತಿದೆ ಅಣ್ಣ. ತುಂಬ ಒರಟು. ಹೊಸದೊಂದು ಜೊತೆ ಮಾಡಿ ಕಳಿಸುತ್ತೀಯಾ? ಅಣ್ಣನಿಗೆ ಬರೆದಿದ್ದೇನೆ ಅಂತ ಸರ್‌ಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಮೆಟ್ಟಿಲು ಇಳಿಯುವಾಗ ಗುಬ್ಬಿಯ ಹೆಗಲು ಹಿಡಿದುಕೊಳ್ಳುತ್ತೇನೆ. ಅವಳಿಗದು ಆಟ, "ಅಜ್ಜೀ, ಬನ್ನಿ ಬನ್ನಿ" ಅಂತ ಕರೆಯುತ್ತಾಳೆ. ಆಯ್ಕೆ ಅಕ್ಟೋಬರ್ 6ಕ್ಕೆ. ಬೇಗ ಕಳಿಸು.

ಗುಂಡು


ಸೆಪ್ಟೆಂಬರ್ 24

ಗುಂಡು,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ನೋಯುತ್ತಿದೆ ಅಂತ ಇಷ್ಟು ದಿನ ಸುಮ್ಮನಿದ್ದೆಯಲ್ಲ, ನಿನಗೇನು ಹೇಳಬೇಕು. ಚಿಕ್ಕವಳಿದ್ದಾಗಲೂ ಹೀಗೇ, ಕಾಲಿಗೆ ಗಾಜು ಚುಚ್ಚಿಕೊಂಡು ಸಂಜೆಯವರೆಗೆ ಆಡಿ ಬಂದಿದ್ದೆ. ಗಾಜು ತೆಗೆದವನು ನಾನೇ.

ಹೊಸ ಜೊತೆ ಇಟ್ಟಿದ್ದೇನೆ. ಎತ್ತರ ಅಷ್ಟೇ, ಆಕಾರ ಅದೇ. ಆದರೆ ಈ ಸಲ ಹಿಮ್ಮಡಿಗೆ ಸುಖವಾಗುವ ಹಾಗೆ ಒಂದು ಕೆಲಸ ಮಾಡಿದ್ದೇನೆ. ಏನು ಅಂತ ಕೇಳಬೇಡ, ಅದು ಕಸುಬಿನ ಗುಟ್ಟು. ಇನ್ನು ನೋಯುವುದಿಲ್ಲ, ನನ್ನ ಮಾತು. ನಿನ್ನ ಸರ್‌ಗೂ ಹೇಳಲು ಹೋಗಬೇಡ, ಅವರು ಕಲ್ಲು ಕಲ್ಲು ಅಂತ ಜಪ ಮಾಡುವವರು, ನೋಯುವುದು ಅವರ ಕಾಲಲ್ಲವಲ್ಲ.

ಅಮ್ಮ ಎರಡು ದಿನದಿಂದ ಎದ್ದು ಓಡಾಡುತ್ತಿದ್ದಾಳೆ. ಚೆನ್ನಾಗಿ ಎತ್ತು. ಎತ್ತಿ ನಿಂತಾಗ ನಮ್ಮನ್ನು ನೆನೆಸಿಕೊಳ್ಳಬೇಡ, ಗಮನ ತಪ್ಪುತ್ತದೆ. ಕೆಳಗೆ ಹಾಕಿದ ಮೇಲೆ ನೆನೆಸಿಕೋ.

ಅಣ್ಣ


ಅಕ್ಟೋಬರ್ 19

ಅಣ್ಣ,

ಸರ್ ಆಫೀಸಿನಿಂದ ನಿನಗೆ ಫೋನು ಮಾಡಿ ತಿಳಿಸಿದರಂತೆ. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಈಗಲೂ ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಅದಕ್ಕೇ. ಎಡ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟುಗಳು ಹರಿದಿವೆ. ಒಂದು ಆಪರೇಷನ್ ಆಯಿತು. ನಡೆಯುತ್ತೀಯ ಅಂದಿದ್ದಾರೆ ಡಾಕ್ಟರು. ಎತ್ತುತ್ತೀನಾ ಅಂತ ಕೇಳಿದೆ, ಚೀಟಿ ಬರೆಯುತ್ತಾ ಕೂತರು.

ಹೇಗಾಯಿತು ಅಂತ ನಿನಗಾದರೂ ಹೇಳಬೇಕು. ನಿನ್ನ ಹೊಸ ಬೆಣೆ ಬಂದಾಗ ಆಯ್ಕೆಗೆ ಕೆಲವೇ ದಿನ ಉಳಿದಿತ್ತು. ಆ ದಿನಗಳಲ್ಲಿ ಸರ್ ಯಾರಿಗೂ ದೊಡ್ಡ ಭಾರ ಮುಟ್ಟಲು ಬಿಡುವುದಿಲ್ಲ, ಹಗುರದ್ದೇ ಎತ್ತಿದೆ. ಕಾಲಿಗೆ ಹಿತವಾಗಿತ್ತು. ಆಯ್ಕೆಯ ದಿನ ಮೊದಲನೆಯದು ಸರಾಗವಾಗಿ ಎತ್ತಿದೆ. ಎರಡನೆಯದು ದೊಡ್ಡದು. ಕೂತೆ, ಏಳತೊಡಗಿದೆ, ಅರ್ಧ ದಾರಿಯಲ್ಲಿ ಎಡ ಹಿಮ್ಮಡಿ ಕೆಳಗೆ ನೆಲವೇ ಜಾರಿದ ಹಾಗಾಯಿತು. ಆಮೇಲೆ ಒಂದು ಸದ್ದು. ಬಾರ್ ಬಿದ್ದ ಸದ್ದಲ್ಲ.

ಸರ್‌ಗೆ ಅದನ್ನೇ ಹೇಳಿದೆ, ನೆಲ ಜಾರಿತು ಅಂತ. "ನೆಲ ಜಾರ್ಲಿಲ್ಲ ಕಣಮ್ಮಾ. ಧೈರ್ಯ ಜಾರ್ತು. ಅರ್ಧದಲ್ಲಿ ನೀನು ಹಿಂದೆ ಸರಿದೆ, ನಾನು ನೋಡಿದೆ" ಅಂದರು. ಬೇಸರದಿಂದಲೇ ಅಂದರು, ಸಿಟ್ಟಿನಿಂದಲ್ಲ. ಇಲ್ಲಿ ಮಲಗಿ ಅದನ್ನೇ ತಿರುವಿ ಹಾಕುತ್ತಿದ್ದೇನೆ. ಮುಂದಿದ್ದದ್ದು ಮರದ ವೇದಿಕೆ, ಅದೆಲ್ಲಿ ಜಾರುತ್ತದೆ? ಅವರು ಹೇಳಿದ್ದೇ ಸರಿ. ನಾನು ಹೆದರಿದೆ.

ನಿನ್ನ ಹತ್ತಿರ ಒಂದು ಕ್ಷಮೆ ಕೇಳಬೇಕು. ಬೆಣೆ ಕಚ್ಚುತ್ತದೆ ಅಂದಿದ್ದು ಸುಳ್ಳು. ನನ್ನ ಹಿಮ್ಮಡಿ ಯಾವತ್ತೂ ನೋಯಲಿಲ್ಲ. ನೋಯುತ್ತಿದ್ದದ್ದು ಮೊಣಕಾಲು, ಆಗಸ್ಟಿನಿಂದಲೇ. ಹೇಳಿದರೆ ಸರ್ ಪಟ್ಟಿಯಿಂದ ತೆಗೆದುಬಿಡುತ್ತಾರೆ, ನಿನಗೆ ಹೇಳಿದರೆ ನೀನು ಸರ್‌ಗೆ ಹೇಳುತ್ತೀಯ ಅಂತ ಭಯ. ಎತ್ತಲಾಗದ್ದಕ್ಕೆ ಏನಾದರೂ ನೆಪ ಬೇಕಿತ್ತು, ನಿನ್ನ ಕೈಕೆಲಸದ ಮೇಲೆ ಹಾಕಿದೆ. ನನ್ನನ್ನು ಕ್ಷಮಿಸು.

ಗುಂಡು


ಅಕ್ಟೋಬರ್ 30

ಗುಂಡು,

ಕಾಗದ ಬಂತು. ಬರಬೇಕೆಂದು ಬಟ್ಟೆ ಚೀಲಕ್ಕೆ ಹಾಕಿದ್ದೆ, ಅಮ್ಮನಿಗೆ ಮತ್ತೆ ಕೆಮ್ಮು ಜೋರಾಯಿತು, ಬಿಟ್ಟು ಬರಲಾಗಲಿಲ್ಲ.

ನೀನು ಕ್ಷಮೆ ಕೇಳುವುದು ಏನೂ ಇಲ್ಲ. ಕೇಳಬೇಡ. ಇನ್ನೊಂದು ಸಲ ಹಾಗೆ ಬರೆಯಬೇಡ. ಎಲ್ಲ ಹಣೆಬರಹ. ಸರ್ ಏನೋ ಅಂದರು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆ ಹೊಸ ಬೆಣೆಗಳು ಎಲ್ಲಿವೆ? ಎಸೆದುಬಿಡು. ಅಥವಾ ನನಗೆ ವಾಪಸ್ ಕಳಿಸು. ಬೇಡ, ಕಳಿಸುವುದೇನು, ಎಸೆದುಬಿಡು. ಇಟ್ಟುಕೊಂಡು ನೋಡುತ್ತಾ ಕೂರುವಂಥದ್ದಲ್ಲ ಅದು.

ಹೊಟ್ಟೆ ತುಂಬ ಊಟ ಮಾಡು.

ಅಣ್ಣ


ನವೆಂಬರ್ 16

ಗುಂಡು,

ನೀನು ಬರೆಯಲಿಲ್ಲ. ಸಿಟ್ಟೋ, ನೋವೋ?

ಅಂಟಿನ ವಿಭಾಗದ ಸೂಪರ್‌ವೈಸರ್ ಸಿಕ್ಕಿದ್ದರು. ಕೂತು ಮಾಡುವ ಕೆಲಸ ಕೊಡುತ್ತಾರಂತೆ. ಕಿಟಕಿಯ ಪಕ್ಕದ ಜಾಗ ಕೇಳಿದ್ದೇನೆ, ಗಾಳಿ ಬರುತ್ತದೆ. ಈಗಲೇ ಒಪ್ಪಬೇಕು ಅಂತೇನಿಲ್ಲ.

ಆ ಬೆಣೆ ಎಸೆದೆಯಾ? ಒಂದು ಸಾಲು ಬರೆ.

ಅಣ್ಣ


ಡಿಸೆಂಬರ್ 2

ಅಣ್ಣ,

ಸಿಟ್ಟು ಯಾರ ಮೇಲೆ? ಇದ್ದರೆ ನನ್ನ ಮೇಲೇ.

ಹಾಸ್ಟೆಲಿಗೆ ವಾಪಸ್ ಬಂದಿದ್ದೇನೆ. ಕೋಲು ಹಿಡಿದು ಕೋಣೆಯಿಂದ ಊಟದ ಮನೆಯವರೆಗೆ ಹೋಗುತ್ತೇನೆ. ಹಜಾರದೊಳಗೆ ಹೋಗುವುದಿಲ್ಲ. ಭಾರದ ಪ್ಲೇಟು ಬೀಳುವ ಸದ್ದು ಇಲ್ಲಿಗೂ ಕೇಳುತ್ತದೆ, ಆಗ ಹೊದಿಕೆ ಎಳೆದುಕೊಳ್ಳುತ್ತೇನೆ. ನಾನು ಬಿದ್ದದ್ದರಿಂದ ಐದನೆಯವಳು ನಾಲ್ಕನೆಯವಳಾಗಿ ಆಯ್ಕೆಯಾದಳು. ಒಳ್ಳೆಯವಳು, ನನ್ನನ್ನು ನೋಡಿದರೆ ದಾರಿ ಬದಲಿಸುತ್ತಾಳೆ.

ಕಾಲು ಹೋದದ್ದಕ್ಕೆ ಅಳು ಮುಗಿದಿದೆ ಅಣ್ಣ. ಇನ್ನೊಂದಕ್ಕೆ ಮುಗಿದಿಲ್ಲ. ನಾನು ಎಂಥವಳು ಅಂತ ನನಗೆ ಗೊತ್ತು ಅಂದುಕೊಂಡಿದ್ದೆ. ನಮ್ಮ ಓಣಿಯಲ್ಲಿ ನೀರಿನ ಕ್ಯಾನು ಎರಡೆರಡು ಹೊತ್ತು ಮೆಟ್ಟಿಲು ಹತ್ತಿದವಳು, ಯಾರಿಗೂ ಹೆದರದವಳು. ಎಲ್ಲರೂ ನೋಡುತ್ತಿರುವಾಗ, ಬೇಕೇಬೇಕಾದ ಆ ಒಂದು ಹೊತ್ತಿನಲ್ಲಿ, ನನ್ನೊಳಗಿಂದ ಒಬ್ಬಳು ಹೇಡಿ ಎದ್ದು ಬಂದಳು. ಈಗ ಏನು ಮಾಡಲು ಹೊರಟರೂ ಅವಳೇ ಮೊದಲು ಎದ್ದು ನಿಲ್ಲುತ್ತಾಳೆ. ಸ್ನಾನದ ಮನೆಯ ಒಂದು ಮೆಟ್ಟಿಲು ಇಳಿಯಲೂ ಗುಬ್ಬಿಯನ್ನು ಕೂಗುತ್ತೇನೆ. ಜನವರಿಯಲ್ಲಿ ಬರುತ್ತೇನೆ. ಕಿಟಕಿಯ ಪಕ್ಕದ ಜಾಗಕ್ಕೆ ಹೂಂ ಅಂತ ಹೇಳು. ನನ್ನಂಥವಳಿಗೆ ಅದೇ ಸರಿ.

ಬೆಣೆ ಎಸೆದಿಲ್ಲ. ನೋಡಿದರೆ ನನಗೆ ಸಂಕಟವಾಗುತ್ತದೆ ಅಂತ ನೀನು ಹಾಗೆ ಬರೆದೆ, ಗೊತ್ತು. ಆದರೆ ನೀನು ಮಾಡಿದ್ದನ್ನು ಕಸಕ್ಕೆ ಹೇಗೆ ಹಾಕಲಿ? ಗುಬ್ಬಿಗೆ ಕೊಟ್ಟಿದ್ದೇನೆ. ಅವಳ ಪಾದ ಸ್ವಲ್ಪ ಚಿಕ್ಕದು, ಆದರೂ ಸರಿಹೊಂದುತ್ತದೆ. ಕಿರಿಯರ ಆಯ್ಕೆ ಇದೇ 14ಕ್ಕೆ. ಅವತ್ತೇ ಹಾಕಿಕೊಳ್ಳುತ್ತೇನೆ ಅಂತ ಶೂನ ಒಳಗೆ ಸೇರಿಸಿ ಮಂಚದ ಕೆಳಗೆ ಎತ್ತಿಟ್ಟಿದ್ದಾಳೆ, ಮುಟ್ಟಲೂ ಬಿಡುವುದಿಲ್ಲ. ನನ್ನ ಕೈಲಾಗದ್ದು ಅವಳ ಕೈಲಾದರೂ ಆಗಲಿ. ಅವಳಿಗೆ ಭಯ ಅನ್ನುವುದೇ ಇಲ್ಲ.

ಗುಂಡು


ಡಿಸೆಂಬರ್ 15

ಅಣ್ಣ,

ಒಂಬತ್ತನೇ ತಾರೀಕು ಮಧ್ಯಾಹ್ನ ನಮ್ಮ ಆಫೀಸಿನ ಗುಮಾಸ್ತರು ಊಟದ ಮನೆಗೆ ಓಡಿ ಬಂದು ಸರ್ ಅವರನ್ನು ಫೋನಿಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಸರ್ ನಮ್ಮ ಕೋಣೆಗೆ ಬಂದರು. ಯಾವತ್ತೂ ಬಂದವರಲ್ಲ. ಗುಬ್ಬಿಯ ಶೂ ಕೇಳಿದರು, ಬೆಣೆ ಹೊರಗೆ ತೆಗೆದರು, ಕಿಟಕಿಯ ಕಟ್ಟೆಯ ಮೇಲಿಟ್ಟು ಚಾಕುವಿನಿಂದ ಸೀಳಿದರು. ಗುಬ್ಬಿ ಅಳತೊಡಗಿದಳು. ಮೇಲೆ ಗಟ್ಟಿ ರಬ್ಬರು, ಕೆಳಗೆ ಗಟ್ಟಿ ರಬ್ಬರು, ನಡುವೆ ಹಳದಿ ಮೆತ್ತೆ. ಎಡಗಾಲಿನದರಲ್ಲಿ ಮೆತ್ತೆ ಒಂದು ಬದಿಗೆ ಜಜ್ಜಿಹೋಗಿ ಹಾಳೆಯಷ್ಟು ತೆಳುವಾಗಿತ್ತು. ಅಂಚಿಗೆ ನೀನು ಹಾಕಿದ ಚರ್ಮದ ಪಟ್ಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹೊರಗಿನಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಸರ್ ನನ್ನ ಮಂಚದ ಮೇಲೆ ಕೂತರು. "ಅವತ್ತು ನಾನು ನಿನಗೆ ಅಂದದ್ದು ತಪ್ಪು ಕಣಮ್ಮಾ. ಹೊಸದು ಬಂದಾಗ ನಾನೇ ನೋಡ್ಬೇಕಿತ್ತು. ನೆಲ ಜಾರಿದ್ದು ನಿಜ" ಅಂದರು. ಎದ್ದು ಹೋಗುವಾಗ ಬಾಗಿಲು ಹಾಕಿಕೊಳ್ಳುವುದನ್ನೂ ಮರೆತರು.

ಗುಬ್ಬಿ ನಿನ್ನೆ ಸರ್ ಅವರ ಹಳೆಯ ಶೂನಲ್ಲಿ ಬಟ್ಟೆ ತುರುಕಿಕೊಂಡು ಎತ್ತಿದಳು. ಮೂರನೆಯವಳಾಗಿ ಆಯ್ಕೆಯಾದಳು. ನಿನಗೆ ತಿಳಿಯಬೇಕಾದದ್ದು ಇದು, ಅದಕ್ಕೇ ನನ್ನ ಮಾತಿಗಿಂತ ಮೊದಲು ಬರೆದೆ.

ನೀನು ಮೆತ್ತೆ ಇಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ನೋವು ಅಂತ ಸುಳ್ಳು ಬರೆದವಳು ನಾನು. ನೋವು ಅಂದರೆ ನಿನ್ನ ಕೈ ಎಲ್ಲಿಗೆ ಹೋಗುತ್ತದೆ ಅಂತ ನೀನೇ ಬರೆದಿದ್ದೆ, ನಾನು ಓದಿ ನಕ್ಕಿದ್ದೆ. ಕಾಲಿನ ಲೆಕ್ಕದಲ್ಲಿ ನಾವಿಬ್ಬರೂ ಸಮ. ಮೊದಲೇ ಹಾಳಾಗಿದ್ದ ಮೊಣಕಾಲು, ಕಲ್ಲಿನ ಬೆಣೆ ಇದ್ದರೂ ಅವತ್ತೇ ಹೋಗುತ್ತಿತ್ತೋ ಏನೋ, ಡಾಕ್ಟರಿಗೂ ಹೇಳಲಾಗುವುದಿಲ್ಲ.

ಗುಮಾಸ್ತರನ್ನು ಕೇಳಿದೆ, ಫೋನಿನಲ್ಲಿ ನೀನು ಏನಂದೆ ಅಂತ. ಪಾಪ, ಹೇಳಲು ಹಿಂಜರಿದರು. "ತಂಗೀನ ಕರೀಲಾ ಅಂತ ಕೇಳ್ದೆ. ಬೇಡ, ಅವಳಿಗೆ ಗೊತ್ತಾಗೋದು ಬೇಡ ಅಂದ್ರು" ಅಂದರು.

ಗುಬ್ಬಿಯ ಮುಖ ಕೂಡ ನೀನು ನೋಡಿಲ್ಲ. ಅವಳ ಕಾಲು ಅಂದ ಕೂಡಲೇ ಬಾಯಿ ಬಿಟ್ಟೆ. ಬಿಟ್ಟದ್ದು ಒಳ್ಳೆಯದೇ, ಅದಕ್ಕೆ ನಿನಗೆ ಕೈಮುಗಿಯುತ್ತೇನೆ. ಆದರೆ ಅಣ್ಣ, ಇಷ್ಟು ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿ ನಾನು ಹೇಡಿ, ನಾನು ಹೇಡಿ ಅಂದುಕೊಳ್ಳುತ್ತಿದ್ದೆ. ಅದನ್ನು ನಿನಗೇ ಬರೆದೆ. ನಿನ್ನ ಹತ್ತಿರ ಕ್ಷಮೆಯನ್ನೂ ಕೇಳಿದೆ. ಓದಿ ನೀನು ನನಗೆ ಕಿಟಕಿಯ ಪಕ್ಕದ ಜಾಗ ಕೊಡಿಸಿದೆ.

ನೀನು ಹೇಳಿದ ಹಾಗೆ ನಾನು ಆ ಬೆಣೆಯನ್ನು ಎಸೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದ್ದೀಯಾ? ನಾನು ಮನೆಗೆ ಬಂದು, ನಿನ್ನ ಪಕ್ಕದಲ್ಲೇ ಕೂತು ಉಂಡು, ದಿನಾ ಕೆಲಸಕ್ಕೆ ಹೋಗಿ, ಸಾಯುವವರೆಗೂ ಹೇಡಿಯಾಗಿಯೇ ಇರುತ್ತಿದ್ದೆ. ನೀನು ಅದನ್ನು ನೋಡುತ್ತಾ ಬಡಿಸುತ್ತಿದ್ದೆ.

ಜನವರಿಯಲ್ಲಿ ಬರುವುದಿಲ್ಲ. ಸಾಮಾನಿನ ಕೋಣೆ ನೋಡಿಕೊಳ್ಳಲು ಜನ ಬೇಕು, ಇಲ್ಲೇ ಇರು ಅಂದಿದ್ದಾರೆ ಸರ್. ಯಾಕೆ ಬರಲಿಲ್ಲ ಅಂತ ಅಮ್ಮ ಕೇಳುತ್ತಾಳೆ. ಕಾಗದದಲ್ಲಿ ನಾನು ಅವಳಿಗೆ ಏನೂ ಬರೆಯುವುದಿಲ್ಲ. ನೀನೇ ಎದುರು ಕೂತು ಹೇಳು.

ನಿನ್ನ ತಂಗಿ